ಪ್ರತಿಕ್ರಿಯೆ: ಅಬ್ರಹಾಮ ವಿಗ್ರಹ ಒಡೆದ ಕಥೆ ಆದಿಕಾಂಡದಲ್ಲಿ ಸಿಗ್ತಿಲ್ಲ

ಸಿಗೋದೇ ಇಲ್ಲ, ಯಾಕಂದ್ರೆ ಅದು ಬೈಬಲ್‌ನ ಮೊದಲ ಪುಸ್ತಕವಾದ ಆದಿಕಾಂಡದಲ್ಲಷ್ಟೇ ಅಲ್ಲ, ಬೈಬಲ್‌ನಲ್ಲೇ ಇಲ್ಲ. ನಿಮ್ಮ ಪ್ರತಿಯಲ್ಲಿ ಪುಟ ಬಿಟ್ಟುಹೋಗಿಲ್ಲ. ಅದು ಯೆಹೂದಿ ರಬ್ಬಿಗಳ (ಧರ್ಮಗುರುಗಳ) ಮಿದ್ರಾಶ್ ಕಥೆ, ಅಂದರೆ ಬೈಬಲ್ ವಚನಗಳನ್ನು ವಿವರಿಸೋಕೆ ಹೇಳಿದ ಕಥೆ. ನಾನೂ ಹೀಗೇ ಸುಮ್ನೆ ಹುಡುಕಿ ಸುಸ್ತಾಗಿದ್ದೆ.

ಮೊದಲು ಆದಿಕಾಂಡ 11:26ರಿಂದ 32 ಓದಿ, ಏಳೇ ವಚನ. 28ನೇ ವಚನದಲ್ಲಿ ಅಬ್ರಾಮನ (ಅಬ್ರಹಾಮನ ಮೊದಲ ಹೆಸರು) ಸಹೋದರ ಹಾರಾನ ತಂದೆ ತೆರಹನ ಎದುರಲ್ಲೇ ಸತ್ತ ಅಂತಿದೆ, ಹೇಗೆ ಅಂತಿಲ್ಲ. ಆಮೇಲೆ ಬೈಬಲ್‌ನ ಯೆಹೋಶುವ ಪುಸ್ತಕದ 24:2 ನೋಡಿ, ತೆರಹನ ಮನೆಯವರು ಬೇರೆ ದೇವರುಗಳನ್ನು ಪೂಜಿಸ್ತಿದ್ದರು ಅಂತಿದೆ. ಕಥೆ ಹುಟ್ಟಿದ್ದು ಈ ಸಂದಿಯಲ್ಲಿ.

ಈಗ ಆದಿಕಾಂಡದ ಮೇಲಿನ ಮಿದ್ರಾಶ್ ಸಂಗ್ರಹ ಬೆರೇಶಿತ್ ರಬ್ಬಾ 38:13 ತೆಗೆಯಿರಿ, ಯೆಹೂದಿ ಗ್ರಂಥಗಳ ಸೆಫಾರಿಯಾ ಸೈಟ್‌ನಲ್ಲಿ ಇಂಗ್ಲಿಷ್ ಅನುವಾದ ಉಚಿತ. ತೆರಹನ ವಿಗ್ರಹದ ಅಂಗಡಿಗೆ ಒಬ್ಬಾಕೆ ತಟ್ಟೆ ತುಂಬ ಹಿಟ್ಟು ತಂದು ನೈವೇದ್ಯಕ್ಕೆ ಕೊಡ್ತಾಳೆ, ಅಬ್ರಹಾಮ ಕೋಲು ತಗೊಂಡು ವಿಗ್ರಹಗಳನ್ನೆಲ್ಲ ಒಡೆದು, ಆ ಕೋಲನ್ನು ದೊಡ್ಡ ವಿಗ್ರಹದ ಕೈಗಿಟ್ಟು, ಅಪ್ಪ ಬಂದಾಗ 'ನಾನು ಮೊದಲು ತಿಂತೀನಿ ಅಂತ ಜಗಳ ಆಡಿದವು, ದೊಡ್ಡದು ಉಳಿದವನ್ನು ಒಡೆದುಹಾಕ್ತು' ಅಂತಾನೆ! ಕೊನೆಗೆ ನಿಮ್ರೋದ ಅನ್ನೋ ರಾಜ ಅಬ್ರಹಾಮನನ್ನು ಬೆಂಕಿಗೆ ಹಾಕಿಸ್ತಾನೆ, ಅವನು ಬದುಕ್ತಾನೆ. ಯಾರು ಗೆಲ್ತಾರೋ ನೋಡೋಣ ಅಂತ ಕಾಯ್ತಿದ್ದ ಹಾರಾನನನ್ನೂ ಬೆಂಕಿಗೆ ಹಾಕ್ತಾರೆ, ಅವನು ಸುಟ್ಟು ಸಾಯ್ತಾನೆ. ಅಲ್ಲಿಗೆ 28ನೇ ವಚನಕ್ಕೆ ಉತ್ತರ ಸಿಕ್ತು, ಅಲ್ವಾ? (ಆ ವಚನದಲ್ಲಿ ಹಾರಾನ ಸತ್ತ ಜಾಗದ ಹೆಸರು 'ಊರ್', ಹೀಬ್ರೂನಲ್ಲಿ ಅದಕ್ಕೆ ಬೆಂಕಿ ಅನ್ನೋ ಅರ್ಥವೂ ಇದೆ. ನಮ್ಮ ಊರಲ್ಲ!)

ನೀವು ಕೇಳಿದ್ದು ಇದೇ ರೂಪವೋ ಅಲ್ವೋ ಗೊತ್ತಿಲ್ಲ. ಅಪ್ಪನ ಅಂಗಡಿಯವಲ್ಲ, ಊರವರು ಪೂಜಿಸೋ ವಿಗ್ರಹಗಳು ಅಂತ ನೆನಪಿದ್ದರೆ, ಕುರಾನಿನ 21ನೇ ಅಧ್ಯಾಯ 51ರಿಂದ 70ನ್ನೂ ಪಕ್ಕದಲ್ಲಿಟ್ಟು ಹೋಲಿಸಿ.