ಓದುಗರ ಪ್ರಶ್ನೆ: ಬಯೋಮೆಡಿಕಲ್ ಓದಿದರೆ ಊರಲ್ಲೇ ಕೆಲಸ ಸಿಕ್ಕೀತೇ?

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ, ಬಯೋಮೆಡಿಕಲ್ ಎಂಜಿನಿಯರಿಂಗ್ ಓದುತ್ತೇನೆ ಅನ್ನುತ್ತಾಳೆ. ಅದರಲ್ಲಿ ಯಾವ್ಯಾವ ವಿಭಾಗಗಳಿವೆ? ಶಿವಮೊಗ್ಗದ ಸುತ್ತಮುತ್ತ ಕೆಲಸ ಸಿಗುತ್ತದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದೇಹದೊಳಗೆ ಕೂರಿಸುವ ವಸ್ತುಗಳದ್ದು ಬಯೋಮೆಟೀರಿಯಲ್ಸ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿ 1990ರಲ್ಲಿ ಮೊದಲ ರೋಗಿಗೆ ಅಳವಡಿಸಿದ ಕೃತಕ ಹೃದಯ ಕವಾಟ ಈ ವಿಭಾಗದ ಕೆಲಸ. ಕೀಲು, ನಡಿಗೆ, ಕೃತಕ ಕಾಲು ಬಯೋಮೆಕ್ಯಾನಿಕ್ಸ್‌ಗೆ ಸೇರಿದ್ದು. ಸ್ಕ್ಯಾನಿಂಗ್ ಚಿತ್ರ, ಇಸಿಜಿ ಸಂಕೇತಗಳ ವಿಶ್ಲೇಷಣೆಗೆ ಗಣಿತ ಗಟ್ಟಿ ಇರಬೇಕು. ಇವುಗಳಲ್ಲಿ ಮುಂದುವರಿಯಲು ಸಾಮಾನ್ಯವಾಗಿ ಎಂ.ಟೆಕ್ ಬೇಕು, ಊರು ಬಿಡುವುದೂ ತಪ್ಪಿದ್ದಲ್ಲ.

ಊರ ಕಡೆಯೇ ಇರಬೇಕೆಂದರೆ ಕ್ಲಿನಿಕಲ್ ಎಂಜಿನಿಯರಿಂಗ್. ಆಸ್ಪತ್ರೆಯ ಯಂತ್ರಗಳನ್ನು ಕೊಳ್ಳುವಾಗ ಪರೀಕ್ಷಿಸುವುದು, ಅಳತೆ ಸರಿನೋಡುವುದು, ಕೆಟ್ಟರೆ ರಿಪೇರಿ. ಹೆಸರಿಗೆ ಮೆರುಗು ಕಡಿಮೆ, ಆದರೆ ಮಲೆನಾಡಿನ ಮಳೆ ಇವರನ್ನು ಸುಮ್ಮನೆ ಕೂರಗೊಡುವುದಿಲ್ಲ. ಆಕ್ಸಿಜನ್ ಕಾನ್ಸೆಂಟ್ರೇಟರ್ ಅನ್ನೇ ನೋಡಿ. ಅದರೊಳಗಿನ ಜಿಯೋಲೈಟ್ ಹರಳುಗಳು ಗಾಳಿಯ ನೈಟ್ರೋಜನ್ ಹಿಡಿದಿಟ್ಟು ಸುಮಾರು 93% ಆಕ್ಸಿಜನ್ ಹೊರಬಿಡುತ್ತವೆ. ಆ ಹರಳುಗಳಿಗೆ ನೈಟ್ರೋಜನ್‌ಗಿಂತ ನೀರೆಂದರೆ ಆಸೆ ಹೆಚ್ಚು. ಮಳೆಗಾಲವಿಡೀ ಮೂಲೆಯಲ್ಲಿ ಮುಚ್ಚಿಟ್ಟರೆ ತೇವ ಕುಡಿದು ಕೂರುತ್ತವೆ. ಆಮೇಲೆ ಹಚ್ಚಿದರೆ ಮೋಟಾರು ಗುಂಯ್‌ಗುಡುತ್ತದೆ, ನೀರಿನ ಬಾಟಲಿಯಲ್ಲಿ ಗುಳ್ಳೆ ಏಳುತ್ತದೆ, ಫ್ಲೋ ಮೀಟರಿನ ಗುಂಡು 5 ಲೀಟರಿಗೇ ನಿಂತಿರುತ್ತದೆ. ಆದರೆ ಬರುವ ಗಾಳಿಯಲ್ಲಿ ಆಕ್ಸಿಜನ್ ಕುಸಿದಿರುತ್ತದೆ. ಆಕ್ಸಿಜನ್ ಪ್ರಮಾಣ ಅಳೆಯುವ ಅನಲೈಸರ್ ಹಿಡಿದರಷ್ಟೇ ಗೊತ್ತಾಗುವುದು. ರೋಗಿ ಇಲ್ಲದಿದ್ದರೂ ಆಗಾಗ ಕೆಲವು ತಾಸು ಓಡಿಸುವುದೇ ಮದ್ದು.

ಪ್ರಶ್ನೆ: ನಮ್ಮಲ್ಲಿ ಇಸಿಜಿ ಗೆರೆ ದಪ್ಪಗೆ, ಬಾಚಣಿಗೆಯಂತೆ ಬರುತ್ತಿದೆ. ಯಂತ್ರ ಕೆಟ್ಟಿದೆಯೇ?
– ನರ್ಸ್ ಒಬ್ಬರು, ಹೊಸನಗರ

ಉತ್ತರ: ಬಹುಶಃ ಇಲ್ಲ. ಭೂತಗನ್ನಡಿ ಹಿಡಿದು ನೋಡಿ. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುವಾಗ ಒಂದೊಂದು ಸಣ್ಣ ಚೌಕದಲ್ಲೂ ಸಮನಾದ ಎರಡೆರಡು ಹಲ್ಲು ಕಂಡರೆ ಅದು ಕರೆಂಟಿನ 50 ಹರ್ಟ್ಸ್. ಹಲ್ಲು ಅಡ್ಡಾದಿಡ್ಡಿ ಇದ್ದರೆ ರೋಗಿ ಚಳಿಗೆ ನಡುಗುತ್ತಿರಬಹುದು, ಕಂಬಳಿ ಹೊದಿಸಿ.

50 ಹರ್ಟ್ಸ್ ಆದರೆ ಕಳ್ಳನನ್ನು ಹೀಗೆ ಹಿಡಿಯಿರಿ. ಲೀಡ್ 1, 2, 3 ಎಂಬ ಗೆರೆಗಳು ಕೈಕಾಲಿನ ಎರಡೆರಡು ಕ್ಲಿಪ್ಪುಗಳ ಜೋಡಿಯಿಂದ ಬರುತ್ತವೆ. ಹಲ್ಲು 1 ಮತ್ತು 2ರಲ್ಲಿ ಮಾತ್ರ ಇದ್ದರೆ ಬಲಗೈ ಕ್ಲಿಪ್ಪು, 1 ಮತ್ತು 3ರಲ್ಲಾದರೆ ಎಡಗೈ, 2 ಮತ್ತು 3ರಲ್ಲಾದರೆ ಎಡಗಾಲು. ಎಲ್ಲದರಲ್ಲೂ ಇದ್ದರೆ ಮೊದಲ ಅನುಮಾನ ಬಲಗಾಲಿನ ಕಪ್ಪು ವೈರಿನ ಮೇಲೆ. ಹೆಚ್ಚಿನ ಸಲ ಜೆಲ್ ಒಣಗಿರುತ್ತದೆ, ಇಲ್ಲವೇ ಕ್ಲಿಪ್ಪಿಗೆ ಕಿಲುಬು ಹಿಡಿದಿರುತ್ತದೆ. ಕಿಲುಬು ಉಜ್ಜಿ, ಚರ್ಮ ಸ್ಪಿರಿಟ್‌ನಿಂದ ಒರೆಸಿ, ಹೊಸ ಜೆಲ್ ಹಚ್ಚಿ. ಆಮೇಲೂ ಹೋಗದಿದ್ದರೆ ಪ್ಲಗ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಗೆರೆ ತೆಳ್ಳಗಾಯಿತೋ, ಗೋಡೆಯ ಸಾಕೆಟ್ಟಿನ ಅರ್ತಿಂಗ್ ಪರೀಕ್ಷಿಸಿ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿ. ನಡುಕದ ಹಲ್ಲುಗಳನ್ನು ಅಳಿಸುವ ಮಸಲ್ ಫಿಲ್ಟರ್ ಗುಂಡಿಯನ್ನು ಮೊದಲೇ ಒತ್ತಬೇಡಿ. ಅದು ಹೃದಯದ ಚೂಪು ಅಲೆಯ ತುದಿಯನ್ನೂ ಮೊಂಡು ಮಾಡುತ್ತದೆ.