ಬಂಗಾಳಿ ಭಾಷೆಗೆ ಯಾವ ಧ್ವಜ ಹಾಕ್ತೀರಿ?

ಪ್ರಶ್ನೆ: ಸರ್, ನಾವು ಮೂರು ಮಂದಿ ಗೆಳೆಯರು ಸೇರಿ ಭತ್ತ ಕಟಾವು ಮಷೀನ್ ಬುಕ್ ಮಾಡೋ ಆ್ಯಪ್ ಮಾಡೀವಿ. ನಮ್ಮ ಕಡೆ ಕನ್ನಡದವರು, ಆಂಧ್ರದಿಂದ ಬಂದ ಕ್ಯಾಂಪಿನವರು, ಆರ್‌ಎಚ್ (ಪುನರ್ವಸತಿ) ಕ್ಯಾಂಪಿನ ಬಂಗಾಳಿ ರೈತರು, ಮನ್ಯಾಗ ಉರ್ದು ಮಾತಾಡೋ ಡ್ರೈವರ್‌ಗಳು ಎಲ್ಲಾರೂ ಅದಾರ ಅಂತ ನಾಲ್ಕೂ ಭಾಷೆ ಹಾಕೀವಿ, ಒಂದೊಂದಕ್ಕೂ ಧ್ವಜದ ಐಕಾನ್ ಇಟ್ಟೀವಿ (ಸ್ಕ್ರೀನ್‌ಶಾಟ್ ಕಳ್ಸೀನಿ). ಆದ್ರೂ ಜನ ಆ್ಯಪ್ ತೆಗೆದು ನೋಡಿ ಹಂಗೇ ಬಿಟ್ಟು ಡ್ರೈವರ್‌ಗೆ ಫೋನ್ ಹಚ್ತಾರ. ಕಾಲೇಜಿನ ಸರ್ ಒಬ್ರು ದೇಶ ದೇಶದ ಸಂಸ್ಕೃತಿಗೆ ಅಂಕ ಕೊಟ್ಟ ಸಂಶೋಧಕ ಹಾಫ್‌ಸ್ಟೆಡ್ ಅವರ ಕಲ್ಚರ್ ಸ್ಕೋರ್ ನೋಡಿ ಡಿಸೈನ್ ಮಾಡ್ರಿ ಅಂದ್ರು. ಏನ್ ಮಾಡೋದು?
ಓದುಗರು, ಸಿಂಧನೂರು

ಉತ್ತರ: ಮೊದ್ಲು ಆ ಧ್ವಜ ತೆಗೀರಿ, ಇವತ್ತೇ. ಸ್ಕ್ರೀನ್‌ಶಾಟ್ ನೋಡಿ ಎದಿ ಝಲ್ ಅಂತು ನಂಗ, ಬಂಗಾಳಿಗೆ ಬಾಂಗ್ಲಾದೇಶದ ಧ್ವಜ ಹಾಕೀರಲ್ರಿ! ಆ ಮಂದಿ ಪೂರ್ವ ಪಾಕಿಸ್ತಾನ (ಈಗಿನ ಬಾಂಗ್ಲಾದೇಶ) ಬಿಟ್ಟು ನಿರಾಶ್ರಿತರಾಗಿ ಬಂದು ಇಲ್ಲಿ ಗದ್ದಿ ಮಾಡ್ಕೊಂಡು ನಿಂತವರು, "ನೀವು ಎಲ್ಲಿಯವರು" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿರ್ತದ ಅವ್ರಿಗೆ, ಈಗ ಮಷೀನ್ ಬುಕ್ ಮಾಡೋಕೂ ಅದೇ ಧ್ವಜ ಒತ್ಬೇಕು ಅಂದ್ರ ಹೆಂಗ? ಭಾಷೆಗೆ ಧ್ವಜ ಇರಲ್ಲ. ಹೆಸರನ್ನ ಆಯಾ ಲಿಪಿಯಾಗೇ ಬರೀರಿ, ಸಾಕು.

ಉರ್ದು ವಿಷ್ಯಾನೂ ಸ್ವಲ್ಪ ಸೂಕ್ಷ್ಮ. ಅದು ಬಲದಿಂದ ಎಡಕ್ಕೆ ಓದೋದು, ಹಂಗಾಗಿ ಹಿಂದಕ್ಕೆ ಹೋಗೋ ಬಾಣ ಉಲ್ಟಾ ಆಗ್ಬೇಕು, ಆದ್ರ ಫೋನ್ ನಂಬರ್ ಎಡದಿಂದಲೇ ಓಡ್ತದ. ನಿಮ್ಮ ಸ್ಕ್ರೀನಿನಾಗ ಅಕ್ಷರ ಒಂದೇ ತಿರುಗ್ಯಾವ, ಬಾಣ ಇದ್ದಲ್ಲೇ ಅದ. ಇನ್ನೊಂದು, ಮನ್ಯಾಗ ದಖನಿ (ನಮ್ಮ ಕಡೆ ಆಡೋ ಉರ್ದು) ಮಾತಾಡೋ ಎಷ್ಟೋ ಹುಡುಗ್ರು ಶಾಲಿ ಕಲ್ತಿದ್ದು ಕನ್ನಡ ಮೀಡಿಯಂ, ಅವ್ರಿಗೆ ಉರ್ದು ಅಕ್ಷರಕ್ಕಿಂತ ಕನ್ನಡ ಅಕ್ಷರನೇ ಸಲೀಸು. ಹೆಸರು ನೋಡಿ ಭಾಷೆ ಗೆಸ್ ಮಾಡಬ್ಯಾಡ್ರಿ, ಅವ್ರೇ ಆರಿಸ್ಲಿ.

ಹಾಫ್‌ಸ್ಟೆಡ್ ಬಗ್ಗೆ ಹೇಳ್ಬೇಕಂದ್ರ, ಆ ಲೆಕ್ಕದ ಬುಡ ಇರೋದು 1967ರಿಂದ 1973ರ ಹೊತ್ತಿಗೆ ಐಬಿಎಂ ನೌಕರರನ್ನ ಕೇಳಿದ ಸರ್ವೆಯಾಗ. ಇಡೀ ಭಾರತಕ್ಕೆ ಒಂದೇ ಸ್ಕೋರ್. ಪ್ರಾಜೆಕ್ಟ್ ರಿಪೋರ್ಟಿಗೆ ಚಂದ ಕಾಣ್ತದ, ಆದ್ರ ನಿಮ್ಮ ತಾಲೂಕಿನ ಒಂದೇ ಕಾಲುವಿ ಕೆಳಗ ನಾಲ್ಕು ಥರದ ಮಂದಿ ಅದಾರ, ಅವ್ರ ನಡುವಿನ ಫರಕು ಅದರಾಗ ಎಲ್ಲಿ ಸಿಗಬೇಕು. ಹಂಗಂತ ಸಂಸ್ಕೃತಿ ಅನ್ನೋದು ಸುಳ್ಳಲ್ಲ, ಪ್ಲೇಸ್ಟೇಷನ್ ಜಾಯ್‌ಸ್ಟಿಕ್ ನೋಡ್ರಿ, ಜಪಾನಿನಾಗ ದುಂಡು ಗುರುತು ಅಂದ್ರ ಸರಿ, ಕತ್ತರಿ (X) ಗುರುತು ಅಂದ್ರ ತಪ್ಪು, ಅದಕ್ಕ ಅಲ್ಲಿ ದುಂಡು ಬಟನ್ ಒತ್ತಿದ್ರ ಓಕೆ, ಅಮೆರಿಕದಾಗ ಕತ್ತರಿ ಒತ್ತಿದ್ರ ಓಕೆ! 2020ರಾಗ ಪ್ಲೇಸ್ಟೇಷನ್ 5 ಬಂದಾಗ ಎಲ್ಲಾ ಕಡೆ ಕತ್ತರಿನೇ ಓಕೆ ಅಂತ ಮಾಡಿದ್ರು, ಜಪಾನಿನವ್ರ ಬೆರಳಿಗೆ ಹಳೇ ರೂಢಿ ಬಿಡೋದು ಬಂತು.

ಈಗ ನಿಮ್ಮ ಬುಕಿಂಗ್ ಸ್ಕ್ರೀನ್. ಅದು ಕೇಳ್ತದ "ಹೆಕ್ಟೇರ್ ಎಷ್ಟು, ಕ್ವಿಂಟಲ್ ಎಷ್ಟು". ಯಾರ್ರಿ ಹೆಕ್ಟೇರಿನಾಗ ಮಾತಾಡೋರು? ಎಕರೆ, ಗುಂಟೆ ಕೇಳ್ರಿ, 40 ಗುಂಟೆಗೆ ಒಂದು ಎಕರೆ ಅನ್ನೋ ಲೆಕ್ಕ ಒಳಗ ಮಷೀನೇ ಮಾಡ್ಕೊಳ್ಳಿ. ಭತ್ತದ ಮಾತು ನಮ್ಮ ಕಡೆ 75 ಕೆ.ಜಿ. ಚೀಲದಾಗ ನಡೀತದ, ಸರ್ಕಾರದ ಬೆಂಬಲ ಬೆಲೆ ಇರೋದು ಕ್ವಿಂಟಲ್‌ಗೆ, ರೈತ ಆ್ಯಪ್ ಮುಂದ ಕುಂತು ಭಾಗಾಕಾರ ಮಾಡೋದ್ಕಿಂತ ಫೋನ್ ಹಚ್ಚೋದೇ ಚಲೋ ಅಂತ ಬಿಡ್ತಾನ. ಅವ ಫೋನ್‌ನಾಗ ಕೇಳೋದಾದ್ರೂ ಏನು? "ನೆಲ ಇನ್ನೂ ಹಸಿ ಅದ, ಚೈನ್ ಮಷೀನ್ ಬರ್ತದೇನು, ಗಂಟೆಗೆ ಎಷ್ಟು, ಅಮಾಸಿ ದಿನ ಬ್ಯಾಡ." ಈ ನಾಲ್ಕರಾಗ ಒಂದಕ್ಕೂ ನಿಮ್ಮ ಆ್ಯಪಿನಾಗ ಜಾಗ ಇಲ್ಲ. ಕ್ಯಾಲೆಂಡರಿನಾಗ ಅಮಾಸಿಗೊಂದು ಕರಿ ಚುಕ್ಕಿ ಇಡ್ರಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗೋ ಡ್ರೈವರ್‌ಗೆ ಆ ಹೊತ್ತು ಬ್ಲಾಕ್ ಮಾಡ್ಕೊಳ್ಳೋ ಸೌಲತ್ತು ಕೊಡ್ರಿ, ಎಲ್ಲಾರ್ಗೂ ತಾನಾಗೇ ಬ್ಲಾಕ್ ಮಾಡಬ್ಯಾಡ್ರಿ ಮತ್ತ.

ಫೋನ್ ಹಚ್ಚೋದನ್ನ ತಪ್ಪಿಸ್ಬೇಕು ಅನ್ನೋ ಹಟಾನೂ ಬಿಡ್ರಿ. ಮಷೀನ್ ಕೆಟ್ಟು ನಿಂತ್ರ ಯಾರನ್ನ ಕೇಳೋದು ಅಂತ ರೈತ ದನಿ ಕೇಳಿ ನಂಬ್ತಾನ. ಮೊದಲ ಸ್ಕ್ರೀನಿನಾಗೇ ಡ್ರೈವರ್‌ಗೆ ಕಾಲ್ ಮಾಡೋ ಬಟನ್, ಪಕ್ಕಕ್ಕ ವಾಯ್ಸ್ ಮೆಸೇಜ್ ಬಟನ್ ಇಡ್ರಿ, ಲಂಬಾಣಿ ತಾಂಡಾದವ್ರಿಗೂ ಅದೇ ಅನುಕೂಲ, ಅವ್ರ ಭಾಷೆಗೆ ಸ್ವಂತ ಲಿಪಿ ಇಲ್ಲ.

ಹಾಂ, ಸರ್‌ನೇಮ್ ಬಾಕ್ಸ್ ಕಡ್ಡಾಯ ಮಾಡೀರಿ, ಅದನ್ನೂ ತೆಗೀರಿ. ಹುಸೇನಪ್ಪ ಅನ್ನೋವ ಅಲ್ಲಿ ಏನು ತುಂಬ್ಬೇಕು? ಆ ಜಾಗದಾಗ ಊರು ಇಲ್ಲಾ ಕ್ಯಾಂಪ್ ಹೆಸರು ಕೇಳ್ರಿ, ಮಷೀನ್ ತಗೊಂಡು ಹೋಗೋ ಡ್ರೈವರ್‌ಗೂ ಬೇಕಾಗಿರೋದು ಅದೇ.