ಕ್ಯಾಟಲಿನಾ 30 ಅಥವಾ ಜೆ-105: ಮಕ್ಕಳಿರುವ ಮನೆಗೆ ಯಾವುದು?

ವಾರಾಂತ್ಯಕ್ಕೆ ಮಕ್ಕಳೊಡನೆ ಏಂಜಲ್ ದ್ವೀಪ, ವಾರದ ನಡುವೆ ಸಂಜೆ ಕ್ಲಬ್ಬಿನ ರೇಸು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಈ ಎರಡಕ್ಕೂ ಒಗ್ಗುವ ಹಳೆಯ ಹಾಯಿದೋಣಿ ಕ್ಯಾಟಲಿನಾ 30 ಮಾದರಿಯದೋ ಜೆ-105 ಮಾದರಿಯದೋ ಎಂದು ಕೇಳಿದ್ದೀರಿ. ನನ್ನ ಮತ ಕ್ಯಾಟಲಿನಾಕ್ಕೆ. ಜೆ-105 ಬಹಳ ಚುರುಕು, ಅಲ್ಲಿ ಅದೇ ಮಾದರಿಯ ದೋಣಿಗಳ ಪೈಪೋಟಿಯೂ ಜೋರು. ಆದರೆ ಒಳಗೆ ದೊಡ್ಡವರು ತಲೆ ತಗ್ಗಿಸಿಯೇ ಓಡಾಡಬೇಕು. ಮಂಜು ಕವಿದು ಚಳಿ ಹಿಡಿದಾಗ ಇಡೀ ಸಂಸಾರ ಎಲ್ಲಿ ಕೂರುತ್ತದೆ? ರೇಸಿಗೆ ಐದಾರು ಜನರ ತಂಡ ಬೇರೆ ಬೇಕು. ಅವರನ್ನು ವಾರವಾರವೂ ಕೂಡಿಸುವುದೇ ಒಂದು ಉದ್ಯೋಗ! ಕ್ಯಾಟಲಿನಾ ನಿಧಾನ, ನಿಜ. ಪಿಎಚ್‌ಆರ್‌ಎಫ್ ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ (ಬೇರೆ ಬೇರೆ ವೇಗದ ದೋಣಿಗಳನ್ನು ಸರಿದೂಗಿಸುವ ಪದ್ಧತಿ) ಅದಕ್ಕೆ ಸಮಯದ ರಿಯಾಯಿತಿ ಸಿಗುತ್ತದೆ.

ಯಾವುದನ್ನೇ ಕೊಂಡರೂ ಹೆಸರಿಗಿಂತ ಸ್ಥಿತಿ ನೋಡಿ. ಡೆಕ್ಕಿನ ಮೇಲೆ ನಡೆದಾಗ ಕಾಲಡಿ ಮೆತ್ತಗೆ ಅನಿಸಿದರೆ ಒಳಗಿನ ಮರ ನೀರು ಕುಡಿದಿರುತ್ತದೆ, ಅಂಥದ್ದನ್ನು ಬಿಟ್ಟುಬಿಡಿ. ಹಳೆಯ ಕ್ಯಾಟಲಿನಾಗಳಲ್ಲಿ ಕೀಲ್ (ದೋಣಿಯ ತಳದಲ್ಲಿರುವ ಭಾರದ ರೆಕ್ಕೆ) ಒಡಲಿಗೆ ಸೇರುವ ಕಡೆ, ಮುಂಭಾಗದಲ್ಲಿ, ಬಿರುಕು ಬಿಡುವುದುಂಟು. ದೋಣಿಯನ್ನು ನೀರಿನಿಂದ ಎತ್ತಿಸಿ, ದೋಣಿ ಪರೀಕ್ಷಿಸುವ ಸರ್ವೇಯರ್‌ಗೆ ತೋರಿಸದೆ ಮುಂಗಡ ಕೊಡಬೇಡಿ. ಬೇಸಿಗೆಯ ಮಧ್ಯಾಹ್ನ ಕೊಲ್ಲಿಯಲ್ಲಿ ಗಾಳಿ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ದಾಟುವುದು ಮಾಮೂಲು, ಆದ್ದರಿಂದ ಹಾಯಿ ಕಟ್ಟುವ ಕೂವೆಮರವನ್ನು ಹಿಡಿದಿರುವ ತಂತಿಗಳ ವಯಸ್ಸನ್ನೂ ವಿಚಾರಿಸಿ. ಹಾಯಿಗಳು ಸವೆದಿದ್ದರೆ ಹೊಸದರ ಖರ್ಚನ್ನು ಚೌಕಾಸಿಯಲ್ಲೇ ಕಳೆಯಿರಿ.